ಟಾಪ್ ಮಾಡೆಲ್ ಅಂದ ಮಾತ್ರಕ್ಕೆ ಫೋರ್ ವೀಲ್ ಆಗೋದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ) ಗಾಡಿಗಳ ಬಗ್ಗೆಯೇ ಇವೆ. ಮಳೆ ಬಿದ್ದು ಎರೆ ಹೊಲದ ದಾರಿ ರಾಡಿ ಆದಾಗಲೆಲ್ಲ ಹೀಗೆ ಪತ್ರ ಬರುತ್ತವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ನಮ್ಮದು ಸಿಂಧನೂರು ಹತ್ತಿರದ ಒಂದು ಕ್ಯಾಂಪು. ಕಾಲುವೆ ಏರಿ ಮೇಲೆ ಎರಡು ಕಿಲೋಮೀಟರ್ ಹೋದರೆ ನಮ್ಮ ನೆಲ್ಲಿನ ಗದ್ದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಏನೂ ಹೋಗೋದಿಲ್ಲ. ಎರಡು ಸ್ಕಾರ್ಪಿಯೋ ನೋಡಿ ಬಂದಿದ್ದೇನೆ. ಒಂದು 2016ರ ಎಸ್10, ಟಚ್ ಸ್ಕ್ರೀನ್, ಅಲಾಯ್ ಎಲ್ಲಾ ಇದೆ. ಇನ್ನೊಂದು 2015ರ ಎಸ್4, ಒಳಗೆ ಏನೂ ಇಲ್ಲ, ಆದರೆ ಹಿಂದಿನ ಬಾಗಿಲ ಮೇಲೆ ಫೋರ್ ವೀಲ್ ಡ್ರೈವ್ ಅಂತ ಇದೆ. "ಎಸ್10 ಟಾಪ್ ಮಾಡೆಲ್, ಅದರಾಗ ಎಲ್ಲಾ ಇರ್ತೈತಿ" ಅಂತ ಏಜೆಂಟ್ ಹೇಳಿ ಒಂದು ಲಕ್ಷ ಜಾಸ್ತಿ ಕೇಳ್ತಿದ್ದಾನೆ. ಯಾವುದು ತಗೊಳ್ಳಲಿ?

ಉತ್ತರ: ನಿಮ್ಮ ದಾರಿಗೆ ಎಸ್4. ಆದರೆ ಅದು ನಿಜವಾಗಿ ಫೋರ್ ವೀಲ್ ಹೌದೋ ಅಲ್ಲವೋ ಎಂದು ಗಾಡಿ ಕೆಳಗೆ ಮಲಗಿ ನೋಡಿದ ಮೇಲೆ ಮಾತ್ರ.

ನಮ್ಮ ಕಡೆ ತೊಂದರೆ ಶುರುವಾಗುವುದು 'ಮಾಡೆಲ್' ಎಂಬ ಮಾತಿನಿಂದಲೇ. "ಯಾವ ಮಾಡೆಲ್?" ಅಂದರೆ ವರ್ಷ ಹೇಳುತ್ತೇವೆ. "ಟಾಪ್ ಮಾಡೆಲ್" ಅಂದರೆ ಸೌಕರ್ಯ ಎಂದು ತಿಳಿಯುತ್ತೇವೆ. ಕಂಪನಿಯವರು ಎಸ್4, ಎಸ್10 ಎಂದು ಬರೆಯುವುದು ವೇರಿಯಂಟ್. ಒಂದೇ ಗಾಡಿಯಲ್ಲಿ ಸೀಟು, ಲೈಟು, ಸ್ಕ್ರೀನು, ಏರ್‌ಬ್ಯಾಗ್ ಎಷ್ಟೆಷ್ಟು ಹಾಕಿದ್ದಾರೆ ಎಂಬ ಲೆಕ್ಕ ಅದು. ಎಷ್ಟು ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುತ್ತದೆ ಎಂಬುದು ಬೇರೆಯೇ ಲೆಕ್ಕ. ಎರಡೂ ಒಂದೇ ಎಂದುಕೊಂಡು ದುಡ್ಡು ಕೊಟ್ಟವರು ಬಹಳ ಜನ ಇದ್ದಾರೆ.

2014ರಲ್ಲಿ ಹೊಸ ರೂಪದಲ್ಲಿ ಬಂದ ಸ್ಕಾರ್ಪಿಯೋ ಎಸ್2, ಎಸ್4, ಎಸ್6, ಎಸ್8, ಎಸ್10 ಎಂದು ಮಾರಾಟ ಆಯಿತು. ಅದರಲ್ಲಿ ಫೋರ್ ವೀಲ್ ಸಿಕ್ಕಿದ್ದು ಕೆಳಗಿನ ಎಸ್4ನಲ್ಲಿ ಮತ್ತು ಮೇಲಿನ ಎಸ್10ನಲ್ಲಿ. ಆದರೆ ಎಸ್10 ಅಂದರೆಲ್ಲ ಫೋರ್ ವೀಲ್ ಅಲ್ಲ, ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಎಸ್10 ಕೂಡ ಇದ್ದವು, ರಸ್ತೆ ಮೇಲೆ ಕಾಣುವವು ಜಾಸ್ತಿ ಅವೇ. 2017ರಲ್ಲಿ ಹೆಸರು ಬದಲಾಗಿ ಎಸ್3, ಎಸ್5, ಎಸ್7, ಎಸ್11 ಆದವು. 2020ರಲ್ಲಿ ಹೊಗೆ ಮಿತಿಯ ಹೊಸ ನಿಯಮ ಬಿಎಸ್6 ಬಂದಾಗ ಹಳೆ ಸ್ಕಾರ್ಪಿಯೋದಲ್ಲಿ ಫೋರ್ ವೀಲ್ ನಿಲ್ಲಿಸಿಯೇ ಬಿಟ್ಟರು. 2022ರಿಂದ ಬರುತ್ತಿರುವ ಸ್ಕಾರ್ಪಿಯೋ ಕ್ಲಾಸಿಕ್‌ನಲ್ಲಿ ಯಾವ ವೇರಿಯಂಟ್ ತಗೊಂಡರೂ ಅದು ಇಲ್ಲ. ಸ್ಕಾರ್ಪಿಯೋ ಎನ್‌ನಲ್ಲಿ ಇದೆ, ಡೀಸೆಲ್‌ನಲ್ಲಿ ಮಾತ್ರ. ಪೆಟ್ರೋಲ್ ಸ್ಕಾರ್ಪಿಯೋ ಎನ್ ತೋರಿಸಿ ಫೋರ್ ವೀಲ್ ಅಂದರೆ ಅಲ್ಲಿಂದ ಎದ್ದು ಬನ್ನಿ.

ನೀವು ನೋಡಿದ ಎರಡರಲ್ಲೂ ಎಂಜಿನ್ ಒಂದೇ, 2179 ಸಿಸಿಯ ಎಂಹಾಕ್. ಹಾಗಾಗಿ ಎಸ್10ಗೆ ಕೊಡುವ ಜಾಸ್ತಿ ದುಡ್ಡು ಎಂಜಿನ್ನಿಗಲ್ಲ. ಟಚ್ ಸ್ಕ್ರೀನ್, ಹಿಂದಿನ ಕ್ಯಾಮೆರಾ, ಅಲಾಯ್, ಸೀಟ್ ಕವರ್ ಇವನ್ನೆಲ್ಲ ಸಿಂಧನೂರಿನಲ್ಲೇ ಒಂದು ದಿನದಲ್ಲಿ ಹಾಕಿಸಬಹುದು. ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಟ್ರಾನ್ಸ್‌ಫರ್ ಕೇಸ್, ಎರಡು ಚಕ್ರಗಳ ನಡುವೆ ಶಕ್ತಿ ಹಂಚುವ ಮುಂದಿನ ಡಿಫರೆನ್ಶಿಯಲ್, ಅದರ ಶಾಫ್ಟ್‌ಗಳನ್ನು ಆಮೇಲೆ ಹಾಕಿಸುತ್ತೇನೆ ಅನ್ನಲು ಆಗೋದಿಲ್ಲ. ಯಾರಾದರೂ ಗ್ಯಾರೇಜಿನವರು ಮಾಡಿಕೊಡ್ತೇವೆ ಅಂದರೂ ಒಪ್ಪಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟಿದ್ದನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ, ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಮೊದಲು ಕೇಳುವುದು ಅದನ್ನೇ.

ಆಮೇಲೆ ಹಾಕಿಸಲು ಆಗದ ಇನ್ನೊಂದು ವಸ್ತು ಏರ್‌ಬ್ಯಾಗ್. ಇದನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಎಲ್ಲಾ ಹೊಸ ಕಾರುಗಳಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈಯಿಂದ. ಅದಕ್ಕಿಂತ ಹಿಂದಿನ ಕೆಳ ವೇರಿಯಂಟ್‌ಗಳಲ್ಲಿ ಅವು ಇಲ್ಲದೆಯೂ ಗಾಡಿ ಮಾರುತ್ತಿದ್ದರು. ಆದ್ದರಿಂದ ಆ ಎಸ್4ನಲ್ಲಿ ಏರ್‌ಬ್ಯಾಗ್ ಇದೆಯೋ ಇಲ್ಲವೋ ನೋಡಿ. ಕೀ ತಿರುಗಿಸಿದಾಗ ಮೀಟರಿನಲ್ಲಿ ಅದರ ದೀಪ ಹತ್ತಿ ಆರಬೇಕು. ಇಲ್ಲದಿದ್ದರೆ, ಮನೆಯವರನ್ನೆಲ್ಲ ಕೂರಿಸಿಕೊಂಡು ರಾಯಚೂರು, ಹೈದರಾಬಾದ್ ಓಡಾಡುವ ಗಾಡಿಯೂ ಇದೇ ಆಗಬೇಕಾದರೆ, ಎಸ್10 ಫೋರ್ ವೀಲ್ ಸಿಗುವವರೆಗೆ ಕಾಯಿರಿ. ಕಡಿಮೆ ಇವೆ, ಆದರೆ ಇವೆ.

ಈಗ ಕೆಳಗೆ ಮಲಗಿ ನೋಡುವ ಮಾತು. ಗೇರ್ ಬಾಕ್ಸಿನ ಹಿಂದಿನಿಂದ ಉದ್ದ ಶಾಫ್ಟ್ ಒಂದು ಹಿಂದಿನ ಚಕ್ರಗಳ ಕಡೆ ಹೋಗಿರುತ್ತದೆ. ಅದು ಎಲ್ಲಾ ಸ್ಕಾರ್ಪಿಯೋದಲ್ಲೂ ಇದೆ. ಫೋರ್ ವೀಲ್ ಆಗಿದ್ದರೆ ಇನ್ನೊಂದು ಶಾಫ್ಟ್ ಮುಂದಕ್ಕೂ ಹೋಗಿರಬೇಕು, ಮುಂದಿನ ಎರಡು ಚಕ್ರಗಳ ನಡುವೆ ಒಂದು ಡಿಫರೆನ್ಶಿಯಲ್ ಕೂತಿರಬೇಕು. ಅದು ಕಾಣದಿದ್ದರೆ ಹಿಂದಿನ ಬಾಗಿಲ ಮೇಲೆ ಏನು ಬರೆದಿದ್ದರೂ ಅದು ಬರೀ ಅಕ್ಷರ. ಆ ಅಕ್ಷರ ಅಂಟಿಸುವುದು ಎಷ್ಟು ಸುಲಭ ಎಂದು ನಾನು ಅನುಭವದಿಂದ ಕಲಿತಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಭಾವನಿಗೆ ಗಾಡಿ ಕೊಡಿಸಲು ಒಂದು ಯಾರ್ಡಿಗೆ ಹೋಗಿದ್ದೆ. ಫೋರ್ ವೀಲ್ ಅಂದರು, ಬಾಗಿಲ ಮೇಲೂ ಹಾಗೇ ಇತ್ತು, ಸಂಜೆ ಆಗಿತ್ತು, ಕೆಳಗೆ ಬಗ್ಗಿ ನೋಡಲಿಲ್ಲ. ಮೊದಲ ಮಳೆಗೆ ಸಿರುಗುಪ್ಪ ಕಡೆ ಗದ್ದೆ ದಾರಿಯಲ್ಲಿ ಹೂತುಕೊಂಡಿತು. ಟ್ರ್ಯಾಕ್ಟರ್ ತಂದು ಎಳೆಸುವಾಗ ಹಗ್ಗ ಕಟ್ಟಲು ಬಗ್ಗಿದವನೇ ಹೇಳಿದ, ಮುಂದೆ ಶಾಫ್ಟೇ ಇಲ್ಲ ಅಂತ. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ.

ಶಾಫ್ಟ್ ಇದ್ದರೂ ಅದು ಕೆಲಸ ಮಾಡಬೇಕಲ್ವಾ? ಡಾಂಬರು ರಸ್ತೆಯಲ್ಲಿ ಪರೀಕ್ಷೆ ಮಾಡಬೇಡಿ, ಒಣ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಗೇರುಗಳು ಬಿಗಿಯಾಗಿ ಎಳೆದಾಡುತ್ತವೆ, ಅಲ್ಲೇ ಹಾಳಾಗುತ್ತವೆ. ಮಣ್ಣಿನ ಜಾಗಕ್ಕೆ ಒಯ್ಯಿರಿ. ಫೋರ್ ಹೈ (ನಾಲ್ಕೂ ಚಕ್ರ, ಮಾಮೂಲಿ ವೇಗ) ಹಾಕಿ ಸ್ವಲ್ಪ ದೂರ ನೇರ ಓಡಿಸಿ. ಆಮೇಲೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ಹಿಡಿದು ಫೋರ್ ಲೋ (ನಾಲ್ಕೂ ಚಕ್ರ, ವೇಗ ಕಡಿಮೆ, ಎಳೆತ ಜಾಸ್ತಿ) ಹಾಕಿ. ದೀಪ ಮಿಣುಕುವುದು ನಿಂತು ಗಟ್ಟಿಯಾಗಿ ಉರಿಯಬೇಕು. ಫಸ್ಟ್ ಗೇರಿನಲ್ಲಿ ಎಂಜಿನ್ ಕೂಗಿದರೂ ಗಾಡಿ ಎತ್ತಿನ ಬಂಡಿಯ ಹಾಗೆ ನಿಧಾನ ಹೋಗಬೇಕು. ವರ್ಷಗಟ್ಟಲೆ ಫೋರ್ ವೀಲ್ ಹಾಕದೆ ಬಿಟ್ಟ ಗಾಡಿಗಳಲ್ಲಿ ಇದು ಜಾಮ್ ಆಗಿರುವುದುಂಟು. ಏಜೆಂಟ್ "ಅದೆಲ್ಲ ಸರಿ ಐತಿ, ಈಗ ಬ್ಯಾಡ" ಅಂದರೆ ಸರಿ ಇಲ್ಲ ಎಂದೇ ತಿಳಿಯಿರಿ.

ಟಯರ್ ಬಗ್ಗೆ ಒಂದು ಮಾತು. ಎರೆ ಮಣ್ಣು ಟಯರಿನ ಸಂದಿಯಲ್ಲಿ ತುಂಬಿಕೊಂಡರೆ ನಾಲ್ಕು ಚಕ್ರವೂ ನುಣ್ಣಗೆ ಜಾರುತ್ತವೆ. ಉಳಿದ ಒಂದು ಲಕ್ಷದಲ್ಲಿ ಮೊದಲು ಒಳ್ಳೆ ಆಲ್ ಟೆರೇನ್ ಟಯರ್ ಹಾಕಿಸಿ, ಟಚ್ ಸ್ಕ್ರೀನ್ ಆಮೇಲೆ.

ಪ್ರಶ್ನೆ: ಬಳ್ಳಾರಿ ಕೌಲ್ ಬಜಾರ್‌ನಿಂದ. ಹೈದರಾಬಾದಿನಲ್ಲಿ 2023ರ ಡೀಸೆಲ್ ಥಾರ್ ಇದೆ, ಎಲ್‌ಎಕ್ಸ್, ಹಾರ್ಡ್ ಟಾಪ್. ರೇಟ್ ಬಹಳ ಕಡಿಮೆ. ಥಾರ್ ಅಂದಮೇಲೆ ಫೋರ್ ಬೈ ಫೋರ್ (ಫೋರ್ ವೀಲ್) ಇದ್ದೇ ಇರುತ್ತದಲ್ವಾ? ಬರೀ ಆರ್‌ಸಿ ಫೋಟೋ ಕಳಿಸಿದ್ದಾರೆ.

ಉತ್ತರ: ಇಲ್ಲ. 2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಬಂದಾಗ ಎಲ್ಲವೂ ಫೋರ್ ಬೈ ಫೋರ್ ಇದ್ದವು. 2023ರ ಜನವರಿಯಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಥಾರ್ ಬಂತು. ನೀವು ನೋಡುತ್ತಿರುವುದು ಸರಿಯಾಗಿ ಆ ವರ್ಷದ್ದು, ಹಾಗಾಗಿ ಅನುಮಾನ ಪಡಲೇಬೇಕು.

ನಿಮಗೆ ಕಳಿಸಿದ ಆರ್‌ಸಿ ಫೋಟೋದಲ್ಲೇ ಉತ್ತರ ಇದೆ. ಸಿಸಿ ಎಷ್ಟು ಬರೆದಿದೆ ನೋಡಿ. ಡೀಸೆಲ್ ಥಾರ್‌ನಲ್ಲಿ 1497 ಇದ್ದರೆ ಅದು ಎರಡು ಚಕ್ರದ್ದು. 2184 ಇದ್ದರೆ ಫೋರ್ ಬೈ ಫೋರ್. ಪೆಟ್ರೋಲ್ ಆಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ, ಎರಡಕ್ಕೂ ಎಂಜಿನ್ 1997 ಸಿಸಿಯೇ. ಆಗ ಗೇರ್ ಲಿವರ್ ಪಕ್ಕದ ಫೋಟೋ ಕೇಳಬೇಕು. ಫೋರ್ ಬೈ ಫೋರ್ ಆದರೆ ಅಲ್ಲಿ ಎರಡನೇ ಚಿಕ್ಕ ಲಿವರ್ ಇರುತ್ತದೆ, ಎರಡು ಚಕ್ರದ್ದಾದರೆ ಆ ಜಾಗದಲ್ಲಿ ಸಾಮಾನು ಇಡುವ ಗುಂಡಿ ಇರುತ್ತದೆ.

ರೇಟ್ ಕಡಿಮೆ ಎಂದು ಖುಷಿ ಪಡುವ ಮೊದಲು ಇನ್ನೊಂದು ಲೆಕ್ಕ ಹಾಕಿ. ತೆಲಂಗಾಣದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಕೆಎ 34 ನಂಬರ್ ಮಾಡಿಸುವಾಗ ಗಾಡಿಯ ವಯಸ್ಸು ನೋಡಿ ಕರ್ನಾಟಕದ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದನ್ನು ಕೂಡಿಸಿದ ಮೇಲೆ ಬಳ್ಳಾರಿಯಲ್ಲೇ ಸಿಗುವ ಥಾರ್‌ಗೂ ಅದಕ್ಕೂ ವ್ಯತ್ಯಾಸ ಎಷ್ಟು ಉಳಿಯುತ್ತದೆ ನೋಡಿ. ಸಾಲ ಇದ್ದ ಗಾಡಿ ಆದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸಿದ ಮೇಲೆ ಪೂರ್ತಿ ದುಡ್ಡು ಕೊಡಿ.

ಪ್ರಶ್ನೆ: ಕುಷ್ಟಗಿ ಹತ್ತಿರ ದಾಳಿಂಬೆ ತೋಟ ಇದೆ, ಮಸಾರಿ ಭೂಮಿ. ಟಾಟಾ ಸಫಾರಿ 2021ರದ್ದು ನೋಡಿದೆವು. ರಫ್, ವೆಟ್ ಅಂತ ತಿರುಗಿಸುವ ನಾಬ್ ಇದೆ. ಅದು ಫೋರ್ ವೀಲ್ ತಾನೆ? ಮನೆಯವರು ಎಕ್ಸ್‌ಯುವಿ500 ಎಡಬ್ಲ್ಯೂಡಿ ತಗೊಳ್ಳಿ ಅಂತಾರೆ.

ಉತ್ತರ: ಆ ನಾಬ್ ನೋಡಿ ಮೋಸ ಹೋಗಬೇಡಿ. 2021ರಲ್ಲಿ ಬಂದ ಸಫಾರಿ ಮುಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಟಾಪ್ ವೇರಿಯಂಟ್ ಆದರೂ ಅಷ್ಟೇ. ನಾಬ್ ತಿರುಗಿಸಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ ಬೇರೆ ರೀತಿ ಕೆಲಸ ಮಾಡುತ್ತದೆ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋದಿಲ್ಲ. ಹಳೆ ಸಫಾರಿ ಡೈಕಾರ್, ಸ್ಟಾರ್ಮ್‌ಗಳಲ್ಲಿ ನಿಜವಾದ ಫೋರ್ ಬೈ ಫೋರ್ ಇತ್ತು. ಅಲ್ಲೂ ವಿಎಕ್ಸ್ ಎಂದು ಕಂಡ ಕೂಡಲೇ ನಂಬಬಾರದು, ವಿಎಕ್ಸ್‌ನಲ್ಲೇ ಎರಡೂ ಬಗೆ ಇದ್ದವು.

ಎಕ್ಸ್‌ಯುವಿ500 ಎಡಬ್ಲ್ಯೂಡಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಆದರೆ ಫೋರ್ ಲೋ ಇಲ್ಲ. ರೆನೋ ಡಸ್ಟರ್ ಎಡಬ್ಲ್ಯೂಡಿಯೂ ಹಾಗೇ. ಎರೆ ಹೊಲದಲ್ಲಿ ಲೋಡ್ ಎಳೆಯುವವರಿಗೆ ನಾನು ಇವನ್ನು ಹೇಳುವುದಿಲ್ಲ. ನಿಮ್ಮದು ಮಸಾರಿ ಭೂಮಿ, ನೀರು ಬೇಗ ಇಂಗುತ್ತದೆ, ಮನೆಯವರು ಹೇಳಿದ್ದು ನಿಮಗೆ ಸಾಕು.

ಪ್ರಶ್ನೆ: ರಾಯಚೂರಿನಿಂದ. ಜಿಮ್ನಿ ಝೀಟಾ ತಗೊಂಡರೆ ಫೋರ್ ವೀಲ್ ತಪ್ಪುತ್ತದೆಯೇ? ಆಲ್ಫಾಗೆ ದುಡ್ಡು ಸಾಲದು.

ಉತ್ತರ: ತಪ್ಪೋದಿಲ್ಲ. 2023ರಲ್ಲಿ ಬಂದ ಜಿಮ್ನಿಯಲ್ಲಿ ಎರಡೂ ವೇರಿಯಂಟ್‌ಗೆ ಫೋರ್ ವೀಲ್, ಫೋರ್ ಲೋ ಇದೆ, ಆರು ಏರ್‌ಬ್ಯಾಗೂ ಇವೆ. ಆಲ್ಫಾದಲ್ಲಿ ಜಾಸ್ತಿ ಸಿಗುವುದು ಎಲ್‌ಇಡಿ ಲೈಟು, ಅಲಾಯ್, ದೊಡ್ಡ ಸ್ಕ್ರೀನು, ಕ್ರೂಸ್ ಕಂಟ್ರೋಲ್ ಇಂಥವು. ಧೈರ್ಯವಾಗಿ ಝೀಟಾ ತಗೊಳ್ಳಿ. ಕಬ್ಬಿಣದ ಡಿಸ್ಕ್ ಕಲ್ಲಿಗೆ ಬಡಿದು ಬಗ್ಗಿದರೆ ತಟ್ಟಿ ಸರಿ ಮಾಡಿಸಬಹುದು, ಅಲಾಯ್ ಒಡೆದರೆ ಬದಲಿಸಲೇಬೇಕು.

ಪ್ರಶ್ನೆ: ಸಂಡೂರಿನಿಂದ. ಗಣಿಯಲ್ಲಿ ಓಡಿದ ಬೊಲೆರೊ ಫೋರ್ ವೀಲ್ ಮಾರಾಟಕ್ಕಿದೆ. ಒಬ್ಬರೇ ಓನರ್, ಬೇಸ್ ವೇರಿಯಂಟ್. ತಗೊಳ್ಳಬಹುದೇ?

ಉತ್ತರ: ಬೇಸ್ ವೇರಿಯಂಟ್ ಎಂಬುದು ಇಲ್ಲಿ ದೋಷವೇ ಅಲ್ಲ. ಕಿತ್ತು ಹೋಗುವ ಪವರ್ ವಿಂಡೋ, ವೈರಿಂಗ್ ಕಡಿಮೆ ಇರುತ್ತದೆ. ನಾನು ಹೆದರುವುದು ಕೆಂಪು ಧೂಳಿಗೆ. ಸಂಡೂರಿನವರಿಗೆ ಅದರ ಬಗ್ಗೆ ನಾನು ಹೇಳಬೇಕಿಲ್ಲ. ಬಾಗಿಲ ರಬ್ಬರ್ ಎತ್ತಿ ನೋಡಿ, ಸೀಟಿನ ಕೆಳಗಿನ ಹಳಿ ನೋಡಿ, ಎಷ್ಟು ತೊಳೆದರೂ ಅಲ್ಲಿ ಉಳಿದಿರುತ್ತದೆ. ಅದು ಇದ್ದರೆ ಗಾಡಿ ಕೆಟ್ಟಿದೆ ಎಂದಲ್ಲ, ಮುಂದಕ್ಕೆ ನೋಡಬೇಕು ಎಂದು. ಮೆಕ್ಯಾನಿಕ್ ಕರೆದುಕೊಂಡು ಹೋಗಿ ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಶಿಯಲ್‌ಗಳ ಆಯಿಲ್ ಸ್ವಲ್ಪ ಬಿಚ್ಚಿಸಿ ನೋಡಿ. ಕೈಗೆ ಮರಳಿನ ಹಾಗೆ ಸಿಕ್ಕರೆ, ಕಬ್ಬಿಣದ ಚೂರು ಹೊಳೆದರೆ ಬಿಟ್ಟುಬಿಡಿ.

ಹಳದಿ ಬೋರ್ಡ್ ಇದ್ದರೆ ಬಿಳಿ ಬೋರ್ಡಿಗೆ ಬದಲಾಯಿಸುವ ಖರ್ಚು ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ಚಾಸಿ ನಂಬರ್ ಬರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಯಾವ ವೇರಿಯಂಟ್, ಫೋರ್ ವೀಲ್ ಹೌದೋ ಅಲ್ಲವೋ ಗೊತ್ತಾಗುತ್ತದೆ, ಹಳೆ ಇನ್ಶೂರೆನ್ಸ್ ಪಾಲಿಸಿಯಲ್ಲೂ ವೇರಿಯಂಟ್ ಹೆಸರು ಸಾಮಾನ್ಯವಾಗಿ ಇರುತ್ತದೆ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.