ಕೊಹಿಮಾ ವಾರ್ ಸಿಮೆಟ್ರಿಗೆ ಸಂಜೆ ಒಂದು ಗಂಟೆ ಸಾಕಾ? ಸಾಲದು, ಸಂಜೆಯಂತೂ ಬೇಡವೇ ಬೇಡ

ನಾಗಾಲ್ಯಾಂಡ್‌ನಲ್ಲಿ ಡಿಸೆಂಬರ್‌ನಲ್ಲಿ ನಡೆಯುವ ಹಾರ್ನ್‌ಬಿಲ್ ಹಬ್ಬ ಮುಗಿಸಿ ವಾಪಸ್ ಬರುವಾಗ ಸಂಜೆ ಒಂದು ಗಂಟೆ ಕೊಹಿಮಾದ ವಾರ್ ಸಿಮೆಟ್ರಿಗೆ, ಅಂದರೆ ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನಕ್ಕೆ, ಇಟ್ಟರೆ ಸಾಕಾ, ಇಲ್ಲ ಆ ಪಾರ್ಕ್ ಬಿಟ್ಟು ಜುಕೊ ಕಣಿವೆಗೆ ಟೈಮ್ ಕೊಡೋದು ಒಳ್ಳೇದಾ ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆ ಕಿವುಚಿದ ಹಾಗಾಯಿತು. 2022ರ ಡಿಸೆಂಬರ್‌ನಲ್ಲಿ ನಾನು ಹಾಕಿದ್ದ ಪ್ಲ್ಯಾನ್ ಕೂಡ ಇದೇ.

ನನ್ನ ಜೊತೆ ಹೆಂಡತಿ ಮತ್ತು ಮಾವ ಇದ್ದರು. ಮಾವನವರು ಅರಕಲಗೂಡು ಕಡೆಯವರು. ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಸೇರಿ ಹವಾಲ್ದಾರ್ ಆಗಿ ರಿಟೈರ್ ಆದವರು. 80ರ ದಶಕದಲ್ಲಿ ಅವರಿಗೆ ನಾಗಾಲ್ಯಾಂಡ್ ಪೋಸ್ಟಿಂಗ್ ಇತ್ತು. ದಿಮಾಪುರದಿಂದ ಇಂಫಾಲ್‌ಗೆ ಹೋಗುವ ರಸ್ತೆ ಕೊಹಿಮಾದಲ್ಲಿ ಈ ಸಿಮೆಟ್ರಿ ಇರುವ ಗುಡ್ಡದ ಬುಡದಲ್ಲೇ ಸುತ್ತಿಕೊಂಡು ಹೋಗುತ್ತದೆ. ಲಾರಿಯ ಹಿಂದೆ ಕೂತು ಎಷ್ಟೋ ಸಲ ಅದರ ಪಕ್ಕದಲ್ಲೇ ಹಾದು ಹೋಗಿದ್ದರಂತೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಹುಲ್ಲು, ಸಾಲು ಸಾಲು ಕಲ್ಲು, ಮೇಲೆ ಒಂದು ಶಿಲುಬೆ. ಅಷ್ಟೇ ಕಂಡಿದ್ದು. ಇಳಿದು ನೋಡಬಹುದಿತ್ತಲ್ಲ ಅಂದರೆ, 'ಕಾನ್ವಾಯ್ ನಿಲ್ಲಲ್ಲ ಅಳಿಯಂದ್ರೆ' ಅಂದಿದ್ದರು. ಆ ಕಾಲದಲ್ಲಿ ಅಲ್ಲಿ ಮಿಲಿಟರಿ ಗಾಡಿ ಸುಮ್ಮನೆ ಎಲ್ಲೆಂದರಲ್ಲಿ ನಿಲ್ಲುವ ಹಾಗಿರಲಿಲ್ಲ.

ಹಾಗಾಗಿ ಕರೆದುಕೊಂಡು ಹೋಗಿದ್ದು ಅವರಿಗೋಸ್ಕರ ಅಂತ ಎಲ್ಲರಿಗೂ ಹೇಳಿದೆ. ಪ್ಲ್ಯಾನ್ ಮಾತ್ರ ನನಗೋಸ್ಕರ ಮಾಡಿಕೊಂಡೆ.

ಬೆಳಿಗ್ಗೆ ಕಿಸಾಮಾ. ಹಬ್ಬ ನಡೆಯುವ ಆ ಹಳ್ಳಿ ಕೊಹಿಮಾದಿಂದ ಸುಮಾರು 12 ಕಿಲೋಮೀಟರ್. ಕುಣಿತ ನೋಡಿ, ಊಟ ಮಾಡಿ, ಎರಡೂವರೆಗೆ ಹೊರಟರೆ ಮೂರು ಗಂಟೆಗೆ ಸಿಮೆಟ್ರಿ, ನಾಲ್ಕೂವರೆವರೆಗೆ ಆರಾಮಾಗಿ ನೋಡುವುದು, ಆಮೇಲೆ ಟೀ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಬ್ಬದ ಟ್ರಾಫಿಕ್‌ನಲ್ಲಿ ಆ 12 ಕಿಲೋಮೀಟರ್‌ಗೆ ಒಂದೂವರೆ ಗಂಟೆ ಹಿಡಿಯಿತು. ಅದು ತಪ್ಪಲ್ಲ, ಯಾರಿಗಾದರೂ ಆಗುತ್ತದೆ. ನನ್ನ ತಪ್ಪು ಏನೆಂದರೆ ಕಾರಲ್ಲಿ ಕೂತು ನಾನು ಒಂದು ಚೂರೂ ಗಾಬರಿಯಾಗಲಿಲ್ಲ. ಗಡಿಯಾರ ನೋಡಿದೆ, ಮೂರೂಮುಕ್ಕಾಲು. 'ಇನ್ನೂ ಬೇಕಾದಷ್ಟು ಹೊತ್ತಿದೆ' ಅಂದೆ. ಯಾಕೆಂದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೆಂಗಳೂರಿನ ಸೂರ್ಯ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹೊತ್ತು ಮುಳುಗುವುದು ಐದೂಮುಕ್ಕಾಲು ದಾಟಿದ ಮೇಲೆ. ಕೊಹಿಮಾದಲ್ಲಿ 4:20ರ ಸುಮಾರಿಗೆ ಮುಳುಗುತ್ತದೆ!

ದೇಶಕ್ಕೆಲ್ಲ ಗಡಿಯಾರ ಒಂದೇ, ಸೂರ್ಯ ಹಾಗಲ್ಲ. ನಮ್ಮ ಗಡಿಯಾರ ಹೊಂದಿಸಿರುವುದು 82.5 ಡಿಗ್ರಿ ರೇಖಾಂಶಕ್ಕೆ. ಕೊಹಿಮಾ ಇರುವುದು 94 ಡಿಗ್ರಿ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಅಂತ ಲೆಕ್ಕ ಹಾಕಿ. ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಬೆಂಗಳೂರು ಇರುವುದು ಆ ರೇಖೆಯ ಈಚೆಗೆ, ಪಶ್ಚಿಮಕ್ಕೆ. ಅಲ್ಲಿ ಇನ್ನೊಂದಿಷ್ಟು ಹೋಯಿತು. ಕೊಹಿಮಾ ನಮಗಿಂತ ಬಹಳ ಉತ್ತರಕ್ಕಿರುವುದರಿಂದ ಚಳಿಗಾಲದ ಹಗಲೂ ಚಿಕ್ಕದು. ಅಸ್ಸಾಂನ ಟೀ ತೋಟಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟುಕೊಂಡು 'ಬಾಗಾನ್ ಟೈಮ್' ಅಂತ ಕೆಲಸ ಮಾಡುವುದು ಸುಮ್ನೆ ಅಲ್ಲ. ಇದೆಲ್ಲ ನನಗೆ ಗೊತ್ತಿರದ ವಿಷಯವೇನಲ್ಲ. ಸ್ಕೂಲಿನಲ್ಲಿ ರೇಖಾಂಶದ ಲೆಕ್ಕ ಮಾಡಿ ಮಾರ್ಕ್ಸ್ ತೆಗೆದವನು ನಾನು. ಹಿಂದಿನ ದಿನ ದಿಮಾಪುರದಲ್ಲಿ ಐದು ಗಂಟೆಗೇ ಕತ್ತಲೆ ಆಗಿದ್ದನ್ನು ಕಣ್ಣಾರೆ ನೋಡಿದ್ದೆ, 'ಅರೆ, ಎಷ್ಟು ಬೇಗ ಕತ್ತಲಾಯ್ತು' ಅಂತ ಫೋಟೊ ಕೂಡ ತೆಗೆದಿದ್ದೆ. ಆದರೂ ಮಾರನೇ ದಿನದ ಪ್ಲ್ಯಾನ್ ಬದಲಾಯಿಸಬೇಕು ಅಂತ ಹೊಳೆಯಲಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಗೇಟ್ ಹತ್ತಿರ ಇಳಿದಾಗ ನಾಲ್ಕು ದಾಟಿತ್ತು. ಬಿಸಿಲು ಎದುರಿನ ಬೆಟ್ಟದ ನೆತ್ತಿಯಲ್ಲಿ ಮಾತ್ರ ಉಳಿದಿತ್ತು.

ಅದರ ಮೇಲೆ ಇನ್ನೊಂದು ಮಾಡಿದೆ. ಬಾಗಿಲ ಹತ್ತಿರವೇ, 1944ರಲ್ಲಿ ಇಲ್ಲಿ ಜಪಾನಿನವರ ವಿರುದ್ಧ ಹೋರಾಡಿದ ಬ್ರಿಟಿಷ್ 2ನೇ ಡಿವಿಷನ್‌ನ ಸ್ಮಾರಕ ಇದೆ, ದೊಡ್ಡ ನಿಂತ ಕಲ್ಲು. ಮನೆಗೆ ಹೋದಾಗ ನಮ್ಮ ಬಗ್ಗೆ ಹೇಳಿ, ನಿಮ್ಮ ನಾಳೆಗಾಗಿ ನಮ್ಮ ಇವತ್ತನ್ನು ಕೊಟ್ಟೆವು ಅಂತ ಹೇಳಿ, ಎನ್ನುವ ಮಾತು ಅದರ ಮೇಲಿದೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಅಲ್ಲೇ. ನಾವೂ ತೆಗೆಸಿಕೊಂಡೆವು. ಮಾವ ಒಬ್ಬರೇ, ಮಾವ ಮಗಳು, ಮಾವ ಅಳಿಯ, ಮೂವರೂ. ಉಳಿದಿದ್ದ ಹದಿನೈದು ನಿಮಿಷದ ಬೆಳಕನ್ನು ನಾನು ಗುಡ್ಡದ ಬುಡದಲ್ಲೇ ಖರ್ಚು ಮಾಡಿದೆ. ಆಮೇಲೆ ಮಾವ ಮೊದಲನೇ ಸಾಲಿನ ಸಮಾಧಿಗಳನ್ನು ಒಂದೊಂದೇ ಬಗ್ಗಿ ಓದಲು ಶುರು ಮಾಡಿದರು. ಅಲ್ಲಿ ಎತ್ತರದ ಕಲ್ಲು ನಿಲ್ಲಿಸಿಲ್ಲ. ಗಿಡ್ಡ ಕಲ್ಲಿನ ಮೇಲೆ ಕಂಚಿನ ಫಲಕ. ಹೆಸರು, ನಂಬರ್, ರೆಜಿಮೆಂಟ್, ವಯಸ್ಸು. 'ಇಪ್ಪತ್ತು ವರ್ಷ. ಇದು ಹತ್ತೊಂಬತ್ತು. ಇದು ಇಪ್ಪತ್ತೆರಡು' ಅಂತ ಜೋರಾಗಿ ಓದುತ್ತಾ ಹೋದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಫೋನ್ ಟಾರ್ಚ್ ಹಾಕಬೇಕಾಯಿತು. ವಾಚ್‌ಮನ್ ಸೀಟಿ ಊದಿದ.

ಮೇಲೆ ಹತ್ತಲು ಆಗಲೇ ಇಲ್ಲ. ಮಾವ ಒಂದು ನಿಮಿಷ ತಲೆ ಎತ್ತಿ ನೋಡಿದರು. ಶಿಲುಬೆ ಕಪ್ಪಗೆ ಕಾಣುತ್ತಿತ್ತು. 'ಸರಿ, ನಡೀರಿ' ಅಂದರು. ಅಳಿಯನಿಗೆ ಯಾರಾದರೂ ಬಯ್ಯುತ್ತಾರಾ? ಮಗ ಆಗಿದ್ದರೆ ಒಂದು ಮಾತು ಅಂದಿರುತ್ತಿದ್ದರು. ಹೋಟೆಲಿಗೆ ಬಂದ ಮೇಲೆ ನನ್ನ ಹೆಂಡತಿ ಅವರ ಪಾಲಿನದನ್ನೂ ಸೇರಿಸಿ ಅಂದಳು. ಮಾರನೇ ದಿನ ಬೆಳಿಗ್ಗೆ ಫ್ಲೈಟ್.

ನೀವು ಅದನ್ನು 'ಪಾರ್ಕ್' ಅಂದಿದ್ದೀರಿ. ನೋಡಲು ಪಾರ್ಕ್ ಥರವೇ ಇದೆ, ಒಪ್ಪುತ್ತೇನೆ. ಆದರೆ ಒಂದು ಗಂಟೆ ಕೊಡಬೇಕಾ, ಎರಡು ಕೊಡಬೇಕಾ ಅನ್ನುವ ಲೆಕ್ಕವೇ ನನಗೆ ಸರಿ ಕಾಣುವುದಿಲ್ಲ. ಹಬ್ಬದ ಬಾಲಕ್ಕೆ ಕಟ್ಟಿಕೊಂಡು ನೋಡುವ ಜಾಗ ಅಲ್ಲ ಅದು. ಇದು ನನಗೆ ಅರ್ಥವಾಗಿದ್ದು ಎರಡನೇ ಸಲ ಹೋದಾಗ.

2024ರ ಮಾರ್ಚ್‌ನಲ್ಲಿ ಆಫೀಸ್ ಕೆಲಸಕ್ಕೆ ಗುವಾಹಟಿಗೆ ಹೋಗಿದ್ದೆ. ಎರಡು ದಿನ ರಜೆ ಹಾಕಿ, ರಾತ್ರಿ ರೈಲಿಗೆ ದಿಮಾಪುರ, ಅಲ್ಲಿಂದ ಶೇರ್ ಸುಮೋದಲ್ಲಿ ಕೊಹಿಮಾ. ಒಬ್ಬನೇ. ಬೇಕಂತಲೇ ರಾತ್ರಿ ಊರಲ್ಲಿ ಉಳಿದು ಬೆಳಿಗ್ಗೆ ಹೋದೆ. ಈ ಸಲ ಕೆಳಗೆ ಎಲ್ಲೂ ನಿಲ್ಲದೆ ಸೀದಾ ಮೇಲಕ್ಕೆ ಹತ್ತಿದೆ.

ಮಧ್ಯದಲ್ಲಿ ಸಿಗುವುದು ಟೆನಿಸ್ ಕೋರ್ಟ್. ಈ ಗುಡ್ಡದಲ್ಲಿ ಆಗ ಡೆಪ್ಯುಟಿ ಕಮಿಷನರ್ ಚಾರ್ಲ್ಸ್ ಪಾಸಿಯವರ ಬಂಗಲೆ ಇತ್ತು, ಅದರ ಅಂಗಳದ ಕೋರ್ಟ್ ಅದು. 1944ರ ಏಪ್ರಿಲ್ ಮೊದಲ ವಾರದಲ್ಲಿ ಜಪಾನಿನ 31ನೇ ಡಿವಿಷನ್ ಕೊಹಿಮಾವನ್ನು ಸುತ್ತುಗಟ್ಟಿತು. ಸುಮಾರು 15,000 ಜನ. ಗುಡ್ಡದ ಮೇಲೆ ಬ್ರಿಟಿಷ್ ಇಂಡಿಯಾದ ಕಡೆ ಇದ್ದವರು ಸುಮಾರು 2,500, ಅದರಲ್ಲೂ ಬಂದೂಕು ಹಿಡಿಯದವರೇ ಎಷ್ಟೋ ಜನ. ರಾಯಲ್ ವೆಸ್ಟ್ ಕೆಂಟ್ ಬಟಾಲಿಯನ್, ಅಸ್ಸಾಂ ರೆಜಿಮೆಂಟ್, ಅಸ್ಸಾಂ ರೈಫಲ್ಸ್, ಇನ್ನೂ ಸಣ್ಣಪುಟ್ಟ ತುಕಡಿಗಳು. ಪಾಸಿ ಸಾಹೇಬರೂ ಊರು ಬಿಟ್ಟು ಹೋಗದೆ ಅಲ್ಲೇ ಉಳಿದರು. ಕೊನೆಗೆ ಕೋರ್ಟಿನ ಒಂದು ಬದಿಗೆ ಇವರು, ಇನ್ನೊಂದು ಬದಿಗೆ ಜಪಾನಿನವರು. ಟೆನಿಸ್ ಕೋರ್ಟಿನ ಉದ್ದ 24 ಮೀಟರ್ ಕೂಡ ಇಲ್ಲ. ಒಂದು ಕಡೆಯಿಂದ ಎಸೆದ ಗ್ರೆನೇಡ್ ಇನ್ನೊಂದು ಕಡೆಗೆ ಬೀಳುವಷ್ಟು ದೂರ. ಏಪ್ರಿಲ್ 18ಕ್ಕೆ ಹೊರಗಿನಿಂದ ನೆರವು ಬಂದು ತಲುಪಿತು, ಆದರೆ ಆ ಕೋರ್ಟ್ ಪೂರ್ತಿ ಕೈಗೆ ಬಂದಿದ್ದು ಮೇ 13ಕ್ಕೆ. ಒಂದು ಟ್ಯಾಂಕನ್ನು ಹೇಗೋ ಗುಡ್ಡ ಹತ್ತಿಸಿ, ಮೇಲಿನಿಂದ ಕೋರ್ಟಿಗೆ ಜಾರಿಸಿ, ಬಂಕರ್‌ಗಳಿಗೆ ಮೂತಿ ಇಟ್ಟು ಹೊಡೆದರು.

ಈಗ ಬಂಗಲೆ ಇಲ್ಲ. ಕೋರ್ಟಿನ ಗೆರೆಗಳನ್ನು ಮಾತ್ರ ಕಾಂಕ್ರೀಟಿನಲ್ಲಿ ಬಿಳಿಯಾಗಿ ಉಳಿಸಿದ್ದಾರೆ. ಒಂದು ಚೆರ್ರಿ ಮರವೂ ಇದೆ. ಹಳೇ ಮರದ ಮೇಲೆ ಕೂತು ಜಪಾನಿ ಸ್ನೈಪರ್‌ಗಳು ಹೊಡೆಯುತ್ತಿದ್ದರಂತೆ. ಯುದ್ಧದಲ್ಲಿ ಅದು ಹಾಳಾಯಿತು, ಉಳಿದ ಬೊಡ್ಡೆಯಿಂದ ಚಿಗುರಿದ್ದು ಈಗಿನ ಮರ ಅಂತ ಫಲಕ ಹಾಕಿದ್ದಾರೆ.

ತೋಟದ ಬಗ್ಗೆ ಹೇಳಲೇಬೇಕು. ಸಮಾಧಿಗಳ ನಡುನಡುವೆ ಗುಲಾಬಿ, ಬೇರೆ ಹೂಗಿಡಗಳು. ಹುಲ್ಲು ಎಷ್ಟು ಒಪ್ಪವಾಗಿದೆ ಅಂದರೆ ಚಪ್ಪಲಿ ಬಿಟ್ಟು ನಡೆಯೋಣ ಅನ್ನಿಸುತ್ತದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ನೋಡಿಕೊಳ್ಳುವ ಜಾಗ ಅದು. ನಾನು ಹೋದಾಗ ಮಾಲಿಯೊಬ್ಬ ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಫಲಕದ ಸುತ್ತ ಕತ್ತರಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಒಟ್ಟು 1,420 ಸಮಾಧಿ. ಕೊನೇ ಸಾಲು ಮುಗಿಸುವಷ್ಟರಲ್ಲಿ ಮೊದಲನೇ ಸಾಲಿನಲ್ಲಿ ಮತ್ತೆ ಬೆಳೆದಿರುತ್ತದೆ, ಅಲ್ವಾ? ಆಫೀಸರ್, ಸಿಪಾಯಿ ಅಂತ ಭೇದ ಇಲ್ಲ, ಎಲ್ಲರಿಗೂ ಒಂದೇ ಅಳತೆಯ ಜಾಗ. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಜಾನ್ ಹಾರ್ಮನ್ ಅಲ್ಲೇ ಇದ್ದಾರೆ, ಲ್ಯಾನ್ಸ್ ಕಾರ್ಪೊರಲ್. ಹುಡುಕಿದರೆ ಮಾತ್ರ ಸಿಗುತ್ತಾರೆ.

ಎಲ್ಲಕ್ಕಿಂತ ಮೇಲೆ, ಗುಡ್ಡದ ತುದಿಯಲ್ಲಿ, ಇನ್ನೊಂದು ಸ್ಮಾರಕ. ಹಿಂದೂ ಮತ್ತು ಸಿಖ್ ಸೈನಿಕರನ್ನು ಅವರ ಪದ್ಧತಿಯ ಹಾಗೆ ಸುಟ್ಟರಲ್ಲ, ಅವರಿಗೆ ಸಮಾಧಿ ಇಲ್ಲ, ಹೆಸರು ಮಾತ್ರ. 917 ಹೆಸರು. ನಮ್ಮ ದೇಶದ ಹಳ್ಳಿ ಹಳ್ಳಿಯಿಂದ ಹೋದ ಹುಡುಗರು ತುದಿಯಲ್ಲಿದ್ದಾರೆ, ನಾವು ಕೆಳಗೆ ಫೋಟೊ ತೆಗೆಸಿಕೊಂಡು ವಾಪಸ್ ಬಂದಿದ್ದೆವು. ಮಾವ ಲಾರಿಯಿಂದ ಅಷ್ಟು ಸಲ ನೋಡಿದ್ದರಲ್ಲ, ಅವರಿಗೂ ಇದು ಕಂಡಿರಲಿಲ್ಲ. ರಸ್ತೆಗೆ ಕಾಣುವುದು ಶಿಲುಬೆ ಮಾತ್ರ.

ಅಲ್ಲಿದ್ದ ಹೆಸರುಗಳನ್ನೆಲ್ಲ ಒಂದೂ ಬಿಡದೆ ಫೋಟೊ ತೆಗೆದೆ. ಕೆಳಗೆ ಇಳಿದಾಗ ಹನ್ನೊಂದು ಗಂಟೆ. ನಾಲ್ಕು ಗಂಟೆ ಹೇಗೆ ಹೋಯಿತು ಅಂತ ಗೊತ್ತಾಗಲಿಲ್ಲ.

ಈಗ ನಿಮ್ಮ ವಿಷಯ. ಹಬ್ಬದ ದಿನಗಳಲ್ಲೇ ಹೋಗುವುದಾದರೆ ಬೆಳಿಗ್ಗೆ ಮೊದಲು ಸಿಮೆಟ್ರಿ, ಆಮೇಲೆ ಕಿಸಾಮಾ. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಬೆಳಕಾಗಿರುತ್ತದೆ. ಗೇಟ್ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಭಾನುವಾರ ಬೇಡ, ಊರಿಗೆ ಊರೇ ಚರ್ಚಿನಲ್ಲಿರುತ್ತದೆ, ಅಂಗಡಿ ಮುಚ್ಚಿರುತ್ತವೆ, ಟ್ಯಾಕ್ಸಿ ಸಿಗುವುದು ಕಷ್ಟ. ಹೊರ ರಾಜ್ಯದವರು ನಾಗಾಲ್ಯಾಂಡ್ ಒಳಗೆ ಹೋಗಲು ಬೇಕಾದ ಇನ್ನರ್ ಲೈನ್ ಪರ್ಮಿಟ್ ಆನ್‌ಲೈನ್‌ನಲ್ಲೇ ಮಾಡಿಸಿ, ಈಗ ದಿಮಾಪುರಕ್ಕೂ ಬೇಕು. ಮೇಲಿನಿಂದ ಶುರು ಮಾಡಿ, ಕೆಳಗಿನ ದೊಡ್ಡ ಕಲ್ಲನ್ನು ಕೊನೆಗೆ ನೋಡಿ. ಯುದ್ಧದ ಕಥೆ ಜಾಸ್ತಿ ಬೇಕೆಂದರೆ ಕಿಸಾಮಾದಲ್ಲೇ ಎರಡನೇ ಮಹಾಯುದ್ಧದ ಮ್ಯೂಸಿಯಂ ಇದೆ. ಜುಕೊ ಚೆನ್ನಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನು ಎರಡು ಸಲವೂ ಹೋಗಿಲ್ಲ. ಎರಡರಲ್ಲಿ ಒಂದು ಅಂತ ಆರಿಸಲು ನನ್ನನ್ನು ಕೇಳಬೇಡಿ, ನಾನು ಯಾವ ಕಡೆಯವನು ಅಂತ ಗೊತ್ತಾಗಿದೆಯಲ್ಲ.

ಆ ಫೋಟೊಗಳನ್ನು ಮಾವನವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಎರಡು ದಿನ ಉತ್ತರ ಇಲ್ಲ. ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟುಕೊಂಡು ಹೆಸರು ಓದುತ್ತಿದ್ದಾರೆ ಅಂತ ಅತ್ತೆ ಹೇಳಿದರು. ಮೂರನೇ ದಿನ ಅವರೇ ಫೋನ್ ಮಾಡಿದರು. ಚೆನ್ನಾಗಿ ಬಂದಿದೆ ಅನ್ನಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ. 'ಅಳಿಯಂದ್ರೆ, ಮೇಲಕ್ಕೆ ಮೆಟ್ಟಿಲು ಎಷ್ಟಿವೆ?' ಅಂದರು.

ನಾನು ಎಣಿಸಿರಲಿಲ್ಲ. ಅವರ ಮೊಣಕಾಲಿಗೆ ಈಗ ಆಪರೇಷನ್ ಆಗಿದೆ, ಡಾಕ್ಟರು ಮೆಟ್ಟಿಲು ಹತ್ತಬಹುದು ಅಂದಿದ್ದಾರೆ, ಆದರೆ ಸಂಖ್ಯೆ ಗೊತ್ತಾಗದೆ ಅವರು ಟಿಕೆಟ್ ಮಾಡಿಸಲು ಬಿಡುತ್ತಿಲ್ಲ. ಮಿಲಿಟರಿಯವರು ನೋಡಿ. ನೀವು ಹೋದರೆ ದಯವಿಟ್ಟು ಗೇಟಿನಿಂದ ತುದಿಯವರೆಗೆ ಎಣಿಸಿ, ಇಲ್ಲೇ ಕೆಳಗೆ ಬರೆಯಿರಿ. ಮಧ್ಯೆ ಕೂರಲು ಎಲ್ಲೆಲ್ಲಿ ಜಾಗ ಇದೆ ಅನ್ನುವುದನ್ನೂ ಬರೆಯಿರಿ.