ಜೋಳಿಗೆಗೆ ಹಾಕಿದ ಚಟ ಮರಳಿ ಬಂದಾಗ

ಪ್ರಶ್ನೆ: ಅಕ್ಕಾ, ನನ್ನ ಗಂಡ ಪವರ್‌ಲೂಮ್ ನೇಕಾರರು. ಹತ್ತು ವರ್ಷಗಳಿಂದ ದಿನವೂ ಕುಡಿಯುತ್ತಾರೆ. ಶ್ರಾವಣದಲ್ಲಿ ಸ್ವಾಮಿಗಳ ಜೋಳಿಗೆಗೆ ಚಟ ಹಾಕಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿ ಒಮ್ಮೆಲೇ ಬಿಟ್ಟರು. ಮರುದಿನ ಹರಿದ ಎಳೆಗೆ ಗಂಟು ಹಾಕಲಾಗದಷ್ಟು ಕೈ ನಡುಗಿತು, ರಾತ್ರಿ ಫಿಟ್ಸ್ ಬಂತು. ಹೆದರಿ ಮತ್ತೆ ಕುಡಿದರು. ಈಗ ಓಣಿಯವರು ‘ಆಣೆ ಮುರಿದವ’ ಎನ್ನುತ್ತಾರೆ. ಬಿಡುವ ಆಸೆ ಅವರಿಗೆ ಇನ್ನೂ ಇದೆ. ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ ತರಲೇ?
– ಒಬ್ಬ ಸಹೋದರಿ, ರಬಕವಿ

ಉತ್ತರ: ಪುಡಿ ತರಬೇಡ ತಂಗೀ. ಅಂಥದರಲ್ಲಿ ಮದ್ಯದ ಜೊತೆ ಸೇರಿದರೆ ಮೈಗೆ ಆಗದ ಡೈಸಲ್ಫಿರಾಮ್ ಎಂಬ ಔಷಧ ಇರಬಹುದು, ಅದು ತಿಳಿಯದೆ ಅವರು ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಆ ಔಷಧವನ್ನು ವೈದ್ಯರು ಕೊಡಬೇಕು, ತೆಗೆದುಕೊಳ್ಳುವವರು ತಿಳಿದೇ ತೆಗೆದುಕೊಳ್ಳಬೇಕು.

ನಿನ್ನ ಗಂಡನ ಮನಸ್ಸು ಸೋತಿಲ್ಲ. ವರ್ಷಗಟ್ಟಲೆ ಕುಡಿದ ಮಿದುಳು ಮದ್ಯಕ್ಕೆ ಒಗ್ಗಿರುತ್ತದೆ. ಒಮ್ಮೆಲೇ ನಿಂತರೆ ಆರೆಂಟು ಗಂಟೆಗಳಲ್ಲೇ ನಡುಕ, ಬೆವರು; ಕೆಲವರಿಗೆ ಎರಡು ದಿನಗಳೊಳಗೆ ಫಿಟ್ಸ್; ಇನ್ನು ಕೆಲವರಿಗೆ ಆಮೇಲೆ ಭ್ರಮೆ. ನನ್ನ ಅಣ್ಣ ಕುಡಿತ ನಿಲ್ಲಿಸಿದ ಮೂರನೆಯ ದಿನ ಗೋಡೆಯ ಮೇಲೆ ಇರುವೆ ಸಾಲು ಹೊರಟಿದೆ ಎಂದು ಬರಿಗೈಯಲ್ಲಿ ಒರೆಸುತ್ತಿದ್ದ, ಸುಣ್ಣವೆಲ್ಲ ಅಂಗೈಗೆ ಹತ್ತಿತ್ತು. ದೆವ್ವ ಹಿಡಿದಿದೆ ಎಂದು ನಾವು ತಾಯತ ಕಟ್ಟಿಸಿದೆವು. ಆಸ್ಪತ್ರೆಗೆ ಒಯ್ಯಬೇಕಿತ್ತು. ಅದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಒಮ್ಮೆ ಫಿಟ್ಸ್ ಬಂದವರು ಆಸ್ಪತ್ರೆಗೆ ದಾಖಲಾಗಿಯೇ ಕುಡಿತ ಬಿಡಬೇಕು. ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗು. ಕೆಲವು ದಿನ ನಡುಕ, ಫಿಟ್ಸ್ ತಡೆಯುವ ಔಷಧ, ಬಿ1 ಜೀವಸತ್ವ ಕೊಡುತ್ತಾರೆ. ಆಮೇಲೆ ಕುಡಿಯುವ ತುಡಿತ ತಗ್ಗಿಸುವ ಮಾತ್ರೆಗಳೂ ಇವೆ. ಆಸ್ಪತ್ರೆ ಸೇರುವವರೆಗೆ ಮನೆಯಲ್ಲೇ ಒಮ್ಮೆಲೇ ಬಿಡಿಸಲು ಹೋಗಬೇಡ. ಹೇಗೆ ಹೊರಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಜೋಳಿಗೆ ಸುಳ್ಳಾಯಿತೆಂದು ಕೊರಗಬೇಡ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಚಟಗಳನ್ನು ಬೇಡಿದವರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಿನ್ನ ಗಂಡನ ಸಂಕಲ್ಪ ಇನ್ನೂ ಅಲ್ಲೇ ಇದೆ, ಜೊತೆಗೆ ಔಷಧ ಬೇಕಿತ್ತು ಅಷ್ಟೇ.

ಊರಿಗೆ ಮರಳಿದ ಮೇಲೆ ಪಗಾರದ ದಿನ ಕಠಿಣ. ಅವರು ಒಪ್ಪಿದರೆ ಅಂದು ಸಂಜೆ ನೀನೇ ಮಗ್ಗದ ತನಕ ಹೋಗು, ಇಬ್ಬರೂ ಅಂಗಡಿ ಇಲ್ಲದ ದಾರಿ ಹಿಡಿದು ಮನೆಗೆ ಬನ್ನಿ. ಮತ್ತೆ ಕುಡಿದು ಬಂದರೆ ರಾತ್ರಿ ಜಗಳ ತೆಗೆಯಬೇಡ, ಬೆಳಿಗ್ಗೆ ಚಹಾ ಕೊಟ್ಟು ಕೇಳು. ಆಸ್ಪತ್ರೆಗೆ ಹೋಗಿ ಬಂದ ಮೇಲೆ ನನಗೊಂದು ಪತ್ರ ಬರೆ.