ವಯಸ್ಸಾದಂತೆ ಬರುವ ಮ್ಯಾಕ್ಯುಲಾ ಸವೆತದಲ್ಲಿ ರಕ್ತನಾಳಗಳ ಪಾತ್ರವೇನು?

ಇದ್ದ ನಾಳ ಸೊರಗಿದರೂ ತೊಂದರೆ, ಬೇಡದ ಕಡೆ ಹೊಸದು ಹುಟ್ಟಿದರೂ ತೊಂದರೆ.

ಓದಲು, ಮುಖ ಗುರುತಿಸಲು ಬೇಕಾದ ಸ್ಪಷ್ಟ ನೋಟ ಕೊಡುವುದು ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ) ನಡುವಿನ ಮ್ಯಾಕ್ಯುಲಾ. ಅದರ ನಟ್ಟನಡುವೆ ರಕ್ತನಾಳಗಳೇ ಇಲ್ಲ. ಬೆಳಕಿಗೆ ಅಡ್ಡ ಬರಬಾರದಲ್ಲ! ಅಲ್ಲಿಗೆ ಆಮ್ಲಜನಕ ಬರುವುದು ಹಿಂಬದಿಯ ಕೊರಾಯ್ಡ್ ಪದರದಿಂದ. ವಯಸ್ಸಾದಂತೆ ಆ ಪದರದ ಸೂಕ್ಷ್ಮನಾಳಗಳು ವಿರಳವಾಗುತ್ತವೆ, ಅದಕ್ಕೂ ರೆಟಿನಾಕ್ಕೂ ನಡುವಿನ ತೆಳು ಪೊರೆ ದಪ್ಪಗಾಗುತ್ತದೆ, ಡ್ರೂಸನ್ ಎಂಬ ಹಳದಿ ಕಸ ಕೂರುತ್ತದೆ. ಇದು ಒಣ ಬಗೆ, ಸಾಮಾನ್ಯವಾಗಿ ನಿಧಾನ.

ಕೆಲವರಲ್ಲಿ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಹೆಚ್ಚಾಗಿ, ಕೊರಾಯ್ಡ್‌ನಿಂದ ಹೊಸ ನಾಳಗಳು ರೆಟಿನಾದ ಕೆಳಗೆ ನುಗ್ಗುತ್ತವೆ. ಉದ್ದೇಶ ಒಳ್ಳೆಯದೇ, ಕಾಮಗಾರಿ ಮಾತ್ರ ಕಳಪೆ: ಗೋಡೆ ಗಟ್ಟಿಯಿಲ್ಲದೆ ರಕ್ತ, ದ್ರವ ಸೋರಿ ರೆಟಿನಾ ಉಬ್ಬುತ್ತದೆ. ಆಗ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ, ಓದುವ ಸಾಲಿನ ನಡುವಿನ ಅಕ್ಷರಗಳು ಮಸುಕಾಗುತ್ತವೆ. ಈ ಒದ್ದೆ ಬಗೆ ರೋಗಿಗಳಲ್ಲಿ ಸುಮಾರು 10ರಲ್ಲಿ ಒಬ್ಬರಿಗಷ್ಟೇ, ಆದರೆ ದಿಢೀರನೆ ದೃಷ್ಟಿ ಕಸಿಯುವುದು ಹೆಚ್ಚಾಗಿ ಇದೇ.

ವಿಇಜಿಎಫ್ ತಡೆಯುವ ಔಷಧವನ್ನು ಕಣ್ಣೊಳಗೇ ಚುಚ್ಚುತ್ತಾರೆ. ಅಂಥ ಒಂದು ಔಷಧವಾದ ರಾನಿಬಿಜುಮ್ಯಾಬ್‌ಗೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು. ಕಣ್ಣಿಗೆ ಚುಚ್ಚುಮದ್ದು ಎಂದರೆ ಕೇಳಲು ಭಯವಾದರೂ ಕಣ್ಣು ಮರಗಟ್ಟಿಸುವ ಮದ್ದು ಹಾಕಿಯೇ ಕೊಡುವುದು. ಸೋರಿಕೆ ತಗ್ಗುತ್ತದೆ, ಸತ್ತ ಕೋಶ ಮಾತ್ರ ಮರಳದು. ಹಾಗಾಗಿ ನೇರ ಗೆರೆ ಸೊಟ್ಟ ಕಂಡರೆ ತಡಮಾಡದೆ ರೆಟಿನಾ ತಜ್ಞರಿಗೆ ತೋರಿಸಿ. ಧೂಮಪಾನ ಇದ್ದರೆ ಅದನ್ನೂ ಬಿಡಿ, ಅಪಾಯ ಹೆಚ್ಚಿಸುವುದರಲ್ಲಿ ಅದು ಮುಂದು.